ಸೋಡಾ ಅಂಗಡಿಯ ಹವಳ

ಕಾರ್ಬನ್ ಡೈಆಕ್ಸೈಡಿಗೆ ವಾಸನೆ ಇಲ್ಲ ಎಂದು ಪುಸ್ತಕಗಳಲ್ಲಿ ಬರೆದಿರುತ್ತಾರೆ. ಬರೆದುಕೊಳ್ಳಲಿ. ಹೋದ ತಿಂಗಳು ನಾಸಿಕದ ದೇವಳಾಲಿ ಕ್ಯಾಂಪಿನ ನನ್ನ ರಿಪೇರಿ ಅಂಗಡಿಯಲ್ಲಿ ಹೊಸ ಸಿಲಿಂಡರ್ ಇಳಿಸಿಕೊಂಡು, ಅದರ ಬಾಯಲ್ಲಿದ್ದ ಧೂಳು ಹಾರಲೆಂದು ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಿದೆ. ಫುಸ್ಸೆಂದು ಗ್ಯಾಸ್ ಬಂತು. ನಾನು ಮುಖ ಸರಿಸಿದ್ದು ತಡವಾಯಿತು. ಮೂಗಿನೊಳಗೆ ಚುರುಕ್ಕೆಂದು ಚುಚ್ಚಿತು, ನಾಲಿಗೆಯ ತುದಿಗೆ ಹುಳಿ ಹತ್ತಿತು, ಕಣ್ಣಲ್ಲಿ ನೀರಾಡಿತು. ಆ ಹುಳಿಗೆ ನನ್ನ ಮಟ್ಟಿಗೆ ಒಂದು ವಾಸನೆ ಇದೆ. ಒದ್ದೆ ಗೋಣಿಚೀಲದ್ದು, ಹಿಂಡಿ ಎಸೆದ ನಿಂಬೆಯದು, ವಿಭೂತಿಯದು... ಸಂಭಾಜಿನಗರದ ಶಹಾಗಂಜ್ ಕಡೆಯ ಒಂದು ಗಲ್ಲಿಯಲ್ಲಿದ್ದ ಸೋಡಾ ಅಂಗಡಿಯದು.

ವಾಸನೆಯ ಹಿಂದೆಯೇ ಮೌಶಿಯ ದನಿಯೂ ಬಂತು. "ಮಾರಿ ಅದರ ಮುಂದಿಟ್ಟು ತೆಗಿತಾರೇನು ಯಾರರೇ? ಕಣ್ಣು ಬ್ಯಾಡಾಗ್ಯಾವೇನು ನಿನಗ?"

ಆ ಅಂಗಡಿ ಅವರದು. ಅವರನ್ನು ಎಲ್ಲರೂ ಮೌಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ಮರಾಠಿಯವರೂ ಅಷ್ಟೆ, ಉರ್ದು ಮಾತಾಡುವ ಪಕ್ಕದ ಬೇಕರಿಯವರೂ ಅಷ್ಟೆ. ಭಾಲ್ಕಿ ಕಡೆಯವರು. ಮದುವೆಯಾಗಿ ಸಂಭಾಜಿನಗರಕ್ಕೆ ಬಂದು ಗಂಡನ ಜೊತೆ ಸೋಡಾ ತುಂಬುವುದನ್ನು ಕಲಿತವರು. ಗಂಡ ತೀರಿಕೊಂಡ ಮೇಲೆ ನೆಂಟರು ಬಂದು, ಒಬ್ಬಳೇ ಹೆಂಗಸು ಇಲ್ಲಿ ಏನು ಮಾಡುತ್ತೀ, ಭಾಲ್ಕಿಗೆ ನಡೆ ಎಂದರಂತೆ. ಬರುವಾಗ ಅಂಗಡಿ ಕೊಳ್ಳಲು ಗಿರಾಕಿಯನ್ನೂ ಕರೆತಂದಿದ್ದರಂತೆ. ಮೌಶಿ ಆ ಗಿರಾಕಿಗೆ ಒಂದು ಜೀರಾ ಸೋಡಾ ಕುಡಿಸಿ, ನೆಂಟರ ಜೊತೆಗೇ ವಾಪಸು ಕಳಿಸಿದರಂತೆ. ಇದನ್ನು ಅವರು ಬಾಟಲಿ ತೊಳೆಯುತ್ತ ನನಗೆ ಹೇಳಿದ್ದು, ಅದೇನೂ ದೊಡ್ಡ ಸಂಗತಿಯಲ್ಲ ಎಂಬಂತೆ. ನಿತ್ಯ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡು ಅಂಗಡಿಯ ಶಟರ್ ಎತ್ತುತ್ತಿದ್ದರು. ಗಿಡ್ಡ ಆಳು, ದಪ್ಪ ಮಣಿಕಟ್ಟು. ಬೇರೆಯವರು ಎರಡು ಕೈ ಹಾಕಿ ತಿರುಗಿಸುವ ನಟ್ಟನ್ನು ಅವರು ಪಾನಾ, ಅಂದರೆ ಸ್ಪ್ಯಾನರ್, ಹಿಡಿದು ಒಂದೇ ಕೈಯಲ್ಲಿ ಬಿಚ್ಚುತ್ತಿದ್ದರು.

ನಾನು ಬೆಳೆದದ್ದು ನಾಸಿಕದ ಹತ್ತಿರ, ಓಝರಿನಲ್ಲಿ. ಅಪ್ಪ ಅಲ್ಲಿಯ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್; ಮೂಲ ಊರು ಆಳಂದ. ಮನೆಯಲ್ಲಿ ಕನ್ನಡ ಕಿವಿಗೆ ಬೀಳುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಅವ್ವ ಕನ್ನಡದಲ್ಲಿ ಕೇಳಿದ್ದಕ್ಕೆ ನಾನು ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದೆ. ಡಿಪ್ಲೊಮಾ ಮುಗಿಸಿ, ಶೇಂದ್ರಾದ ಕಾರ್ಖಾನೆಯೊಂದರಲ್ಲಿ ಒಂದು ವರ್ಷ ಮಾಪಕಗಳ ವಿಭಾಗದಲ್ಲಿ ದುಡಿದು, ಅಲ್ಲಿಂದ ಸಂಭಾಜಿನಗರದ ಒಂದು ದೊಡ್ಡ ಹೋಟೆಲಿಗೆ ಸೇರಿದೆ. ಹೋಟೆಲಿನ ಹೆಸರು ಬೇಡ. ಅದರ ಲಾಬಿಯಲ್ಲಿ ಗೋಡೆಯುದ್ದಕ್ಕೂ ಒಂದು ಸಮುದ್ರದ ಅಕ್ವೇರಿಯಂ ಇತ್ತು. ಕಾಗದಪತ್ರಗಳ ಸಮೇತ ಹೊರದೇಶದಿಂದ ತರಿಸಿದ, ಸಾಕಿ ಬೆಳೆಸಿದ ಹವಳಗಳು. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ.

ಹವಳ ಕಲ್ಲಲ್ಲ, ಜೀವ. ನೀರಿನಲ್ಲಿರುವ ಸುಣ್ಣದ ಅಂಶವನ್ನು ಹೀರಿಕೊಂಡು ತನ್ನ ಎಲುಬನ್ನು ತಾನೇ ಕಟ್ಟಿಕೊಳ್ಳುತ್ತದೆ. ಸಮುದ್ರದಲ್ಲಿ ಸುಣ್ಣಕ್ಕೆ ಕೊರತೆಯಿಲ್ಲ. ಗಾಜಿನ ಟ್ಯಾಂಕಿನಲ್ಲಿ ಅದು ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತದೆ. ಅದಕ್ಕಾಗಿ ಟ್ಯಾಂಕಿನ ಕೆಳಗೆ ಕ್ಯಾಲ್ಸಿಯಂ ರಿಯಾಕ್ಟರ್ ಎಂಬ ದಪ್ಪ ಕೊಳವೆ ಇರುತ್ತದೆ. ಅದರ ತುಂಬ ಸತ್ತ ಹವಳದ ಚೂರುಗಳು. ಟ್ಯಾಂಕಿನ ನೀರು ಅದರೊಳಗೆ ನಿಧಾನವಾಗಿ ಸುತ್ತುತ್ತಿರುವಾಗ ಸಿಲಿಂಡರಿನಿಂದ ಗ್ಯಾಸನ್ನು ಗುಳ್ಳೆ ಗುಳ್ಳೆಯಾಗಿ ಬಿಡಬೇಕು. ಕೊಳವೆಯ ನೀರು ಹುಳಿಯಾಗಿ, ಚೂರುಗಳು ಕರಗಿ, ಆ ಸುಣ್ಣ ಟ್ಯಾಂಕಿಗೆ ಸೇರುತ್ತದೆ. ಗುಳ್ಳೆ ಕಡಿಮೆಯಾದರೆ ಹವಳ ಬೆಳೆಯುವುದಿಲ್ಲ. ಹೆಚ್ಚಾದರೆ ಇಡೀ ಟ್ಯಾಂಕೇ ಹುಳಿಯಾಗಿ ಎಲ್ಲವೂ ಸಾಯುತ್ತದೆ. ಸಿಲಿಂಡರಿನೊಳಗೆ ಇರುವುದು ಲಾರಿಯ ಟೈರನ್ನು ಸೀಳಬಲ್ಲ ಒತ್ತಡ. ನಮಗೆ ಬೇಕಾದದ್ದು ಸೆಕೆಂಡಿಗೆ ಒಂದು ಗುಳ್ಳೆ. ಎರಡರ ನಡುವೆ ನಿಲ್ಲುವುದು ಅಂಗೈಯಗಲದ ಒಂದು ಹಿತ್ತಾಳೆಯ ರೆಗ್ಯುಲೇಟರ್.

ನಾನು ಸೇರಿದ ಎರಡನೇ ತಿಂಗಳಿಗೆ ಆ ರೆಗ್ಯುಲೇಟರ್ ಸೋರತೊಡಗಿತು. ವೆಲ್ಡಿಂಗ್ ಸಾಮಾನು ರಿಪೇರಿ ಮಾಡುವ ಇಬ್ಬರು ಅದನ್ನು ತಿರುಗಿಸಿ ನೋಡಿ ಆಗುವುದಿಲ್ಲ ಎಂದರು. ಅವರಲ್ಲೊಬ್ಬ, "ಶಹಾಗಂಜಿನ ಸೋಡಾವಾಲಿ ಹತ್ತಿರ ಹೋಗಿ ನೋಡಿ" ಎಂದ. ನಾನು ಅಂಗಡಿ ಹುಡುಕಿಕೊಂಡು ಹೋದಾಗ ಅವ್ವನ ಫೋನು ಬಂದಿತ್ತು. ಅಂಗಡಿಯ ಮುಂದೆಯೇ ನಿಂತು, ಮರಾಠಿಗೆ ನಾಲ್ಕು ಕನ್ನಡ ಶಬ್ದ ಕಲಸಿ ಮಾತು ಮುಗಿಸಿದೆ. ಒಳಗಿದ್ದ ಹೆಂಗಸು ಕೈಯೊರೆಸಿಕೊಳ್ಳುತ್ತ ಹೊರಗೆ ಬಂದರು.

"ಯಾ ಊರವ್ವಾ ನಿಂದು?"

ನಾನು ಮರಾಠಿಯಲ್ಲಿ, ಊರು ಆಳಂದ, ಆದರೆ ಬೆಳೆದದ್ದು ನಾಸಿಕದ ಕಡೆ ಎಂದೆ.

"ಆಳಂದದಾಕಿ ಆಗಿ ಮರಾಠಿ ಮಾತಾಡ್ತಿಯಲ್ಲ! ಬಸ್ ಸ್ಟ್ಯಾಂಡಿಗೆ ಹೋಗಿ ನೋಡು, ತಾಸಿಗೊಂದು ಬಸ್ಸಿನ ಮ್ಯಾಲ ಕನ್ನಡ ಅಂತ ಬರದಿರ್ತಾರ. ಬಸ್ಸಿಗೆ ಬರೋ ಕನ್ನಡ ನಿನಗ ಬರಲ್ಲೇನು?"

ಕನ್ನಡ ಎಂಬುದು ಸಂಭಾಜಿನಗರದ ವಾಯವ್ಯಕ್ಕಿರುವ ಒಂದು ತಾಲೂಕಿನ ಊರು; ಅಲ್ಲಿಗೆ ಹೋಗುವ ಕೆಂಪು ಬಸ್ಸುಗಳ ಬೋರ್ಡಿನ ಮೇಲೆ ಅದೇ ಹೆಸರು. ನನಗೆ ಸಿಟ್ಟೂ ಬಂತು, ನಗುವೂ ಬಂತು. ಆ ದಿನದಿಂದ ಮೌಶಿ ನನ್ನ ಜೊತೆ ಮರಾಠಿಯ ಒಂದು ಶಬ್ದವನ್ನೂ ಆಡಲಿಲ್ಲ. ನಾನು ಮರಾಠಿಯಲ್ಲಿ ಕೇಳಿದರೆ ಅವರಿಗೆ ಕಿವಿಯೇ ಕೇಳಿಸುತ್ತಿರಲಿಲ್ಲ. ಇವತ್ತು ಇದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದರೆ ಅದು ಶಾಲೆಯ ಪುಣ್ಯವಲ್ಲ, ಆ ಹಟದ ಪುಣ್ಯ.

ರೆಗ್ಯುಲೇಟರನ್ನು ಬಿಚ್ಚಿ ಬಟ್ಟೆಯ ಮೇಲೆ ಹರಡಿಕೊಂಡು ಕೇಳಿದರು. "ಇದು ಸೋಡಾ ಮಷಿನಿಂದೇ ಅಲಾ? ಮೀನಿಗೆ ಸೋಡಾ ಕುಡಸ್ತೀರೇನು?"

ನಾನು ತಡವರಿಸುತ್ತ ರಿಯಾಕ್ಟರಿನ ಕಥೆಯನ್ನೆಲ್ಲ ಹೇಳಿದೆ. ಅವರು ಕೆಲಸ ನಿಲ್ಲಿಸಿ ಕೇಳಿದರು. ಕೊನೆಗೆ, "ಅಂದ್ರ ಸತ್ತವರ ಎಲುಬು ಕರಗಿಸಿ ಇದ್ದವರ ಎಲುಬು ಕಟ್ಟೋದು. ನಾ ನೋಡ್ಬೇಕು ಅದನ್ನ," ಎಂದರು.

ಮರುದಿನವೇ ಹೋಟೆಲಿಗೆ ಬಂದರು. ಸೊಂಟಕ್ಕೆ ಸೆರಗು ಸಿಗಿಸಿ, ಕೈಯಲ್ಲಿ ಪಾನಾ ಹಿಡಿದು. ಕಾವಲುಗಾರ ಹಿಂದಿನ ಬಾಗಿಲು ತೋರಿಸಿದ. ಮೌಶಿ ಕದಲಲಿಲ್ಲ. "ಮನಿಯಾಗ ಜಡ್ಡಿನವರು ಇದ್ರ ಡಾಕ್ಟರು ಹಿತ್ತಲ ಬಾಗಲದಿಂದ ಬರ್ತಾರೇನು?" ಎಂದು ನನ್ನನ್ನು ಕೇಳಿ, ಅದನ್ನೇ ಮರಾಠಿಯಲ್ಲಿ ಅವನಿಗೂ ಕೇಳಿ, ಎದುರಿನ ಬಾಗಿಲಿನಿಂದಲೇ ಒಳಗೆ ನಡೆದರು. ಟ್ಯಾಂಕಿನ ಮುಂದೆ ನಿಂತು, ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ನೋಡಿದರು. ಹವಳದ ಸಣ್ಣ ಸಣ್ಣ ಬೆರಳುಗಳು ನೀರಿನಲ್ಲಿ ಆಡುತ್ತಿದ್ದವು... ಅವರು ಸಮುದ್ರವನ್ನು ಒಮ್ಮೆಯೂ ನೋಡಿರಲಿಲ್ಲ ಎಂದು ನನಗೆ ಗೊತ್ತಾದದ್ದು ಆಮೇಲೆ.

ಅಲ್ಲಿಂದ ಅವರೇ ನನ್ನ ಗುರು. ಕೆಲಸ ಮುಗಿಸಿ ಸಂಜೆ ನಾನು ಸೋಡಾ ಅಂಗಡಿಗೆ ಹೋಗುತ್ತಿದ್ದೆ. ಸಿಲಿಂಡರಿಗೆ ರೆಗ್ಯುಲೇಟರ್ ಕೂಡಿಸುವಾಗಲೆಲ್ಲ ಹೊಸ ನೈಲಾನ್ ವಾಶರ್ ಹಾಕಬೇಕು, ಹಳೆಯದನ್ನು ಎದುರಿಗೇ ಕತ್ತರಿಸಿ ಎಸೆಯಬೇಕು, ಇಲ್ಲದಿದ್ದರೆ ನಾಳೆ ಯಾರೋ ಅದನ್ನೇ ಹಾಕುತ್ತಾರೆ. ಸೋಪಿನ ನೊರೆ ಹಚ್ಚಿ ಸೋರಿಕೆ ನೋಡಬೇಕು. ಸಿಲಿಂಡರಿಗೆ ಗೋಡೆಯ ಸರಪಳಿ ಬೇಕೇ ಬೇಕು. ಈ ಗ್ಯಾಸು ಗಾಳಿಗಿಂತ ಭಾರ, ಸದ್ದಿಲ್ಲದೆ ನೆಲ ಹಿಡಿದು ಕೂಡುತ್ತದೆ, ಅದಕ್ಕೆ ವಾಲ್ವ್ ತೆರೆದಿರುವಾಗ ಬಾಗಿಲು ಮುಚ್ಚಬಾರದು. ಇದನ್ನೆಲ್ಲ ಅವರು ಪಾಠದ ಹಾಗೆ ಹೇಳಲಿಲ್ಲ. ನಾನು ತಪ್ಪಿದಾಗ ಬೈದರು, ಅಷ್ಟೆ. ಗೋಡೆಯ ಮೇಲೆ ಸಿಲಿಂಡರುಗಳ ತೂಕವನ್ನು ಸೀಮೆಸುಣ್ಣದಿಂದ ಕನ್ನಡ ಅಂಕಿಯಲ್ಲಿ ಬರೆದಿಡುತ್ತಿದ್ದರು. ನಾನು ಕನ್ನಡದ ಅಂಕಿ ಕಲಿತದ್ದು ಆ ಗೋಡೆಯಲ್ಲಿ.

ತೂಕ ಯಾಕೆ ಎಂದು ನಾನು ಕೇಳಿದ್ದೆ. ಗೇಜು ಇದೆಯಲ್ಲ?

"ಗೇಜಿನ ಮುಳ್ಳು ಸುಳ್ಳು ಹೇಳ್ತದ," ಎಂದರು. ಸಿಲಿಂಡರಿನೊಳಗೆ ಇರುವುದು ದ್ರವ. ಅದರ ಕೊನೆಯ ಹನಿ ಇರುವ ತನಕ ಮುಳ್ಳು ಕೆಳಗಿಳಿಯುವುದಿಲ್ಲ. ಆಮೇಲೆ ಒಮ್ಮೆಗೇ ಬೀಳುತ್ತದೆ. "ಆಗ ಈ ಅಗ್ಗದ ರೆಗ್ಯುಲೇಟರ್ ಕೈ ಬಿಡ್ತದ, ನೋಡು. ಹಿಂದಿನಿಂದ ಒತ್ತೋದು ಕಡಿಮಿ ಆದಾಗ ಇದು ಮುಂದ ಜಾಸ್ತಿ ಬಿಡ್ತದ. ಸೋಡಾದಾಗ ಆದ್ರ ಒಂದು ಬಾಟ್ಲಿ ಒಡಿತದ. ನಿನ್ನ ಟ್ಯಾಂಕಿನಾಗ..." ಮಾತು ಅಲ್ಲಿಗೇ ನಿಲ್ಲಿಸಿದರು. ಒತ್ತಡವನ್ನು ಎರಡು ಹಂತದಲ್ಲಿ ಇಳಿಸುವ ರೆಗ್ಯುಲೇಟರ್ ತರಿಸಲು ಹೇಳಿದರು. ನಾನು ಹೋಟೆಲಿನ ಸೂಪರ್‌ವೈಸರಿಗೆ ಹೇಳಿದೆ, ರಿಜಿಸ್ಟರಿನಲ್ಲೂ ಬರೆದೆ. ಅವರು ನಕ್ಕರು. ಸೋಡಾ ಮಾರುವವಳ ಮಾತು ಕೇಳಿ ಸಾಮಾನು ತರಿಸುವುದೇ ಎಂದರು.

ಆ ವರ್ಷ ಚಿಕ್ಕಪ್ಪನ ಮಗಳ ಮದುವೆಗೆಂದು ನಾಲ್ಕು ದಿನ ಆಳಂದಕ್ಕೆ ಹೋದೆ. ಹೋಗುವ ಮೊದಲು ಮೌಶಿಗೆ ಒಮ್ಮೆ ಟ್ಯಾಂಕ್ ನೋಡಿ ಬರಲು ಹೇಳಿದ್ದೆ. ಎರಡನೆಯ ದಿನ ಮಧ್ಯಾಹ್ನ, ಅಕ್ಕಿಕಾಳು ಎರಚುವ ಗದ್ದಲದಲ್ಲಿ, ಅವರ ಫೋನು ಬಂತು.

"ತೂಕ ಮಾಡೀನವ್ವ. ಸಿಲಿಂಡರ್ ಮುಗೀಲಾಕ ಬಂದದ. ವಾಲ್ವ್ ಬಂದ್ ಮಾಡೀನಿ. ಬದಲಿ ಸಿಲಿಂಡರ್ ಬರೋ ತನಕ ತೆಗಿಬ್ಯಾಡ್ರಿ ಅಂತ ನಿಮ್ಮ ಸೂಪರ್‌ವೈಸರಿಗೆ ಹೇಳೀನಿ. ಎರಡು ದಿನ ಗ್ಯಾಸ್ ಇಲ್ದಿದ್ರ ಹವಳಕ್ಕೇನೂ ಆಗಲ್ಲ. ನೀ ಆರಾಮ ಊಟ ಮಾಡು."

ನಾನು ಆರಾಮಾಗಿ ಊಟ ಮಾಡಿದೆ.

ವಾಪಸು ಬಂದ ಬೆಳಿಗ್ಗೆ ಲಾಬಿಯೊಳಗೆ ಕಾಲಿಡುವಾಗಲೇ ನಾತ ಬಂತು. ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಹವಳದ ಮೈಯ ತೊಗಲು ಎಳೆ ಎಳೆಯಾಗಿ ಕಳಚಿ ನೀರಿನಲ್ಲಿ ಸುತ್ತುತ್ತಿತ್ತು. ಒಳಗಿನ ಬಿಳಿ ಎಲುಬು ಕಾಣುತ್ತಿತ್ತು. ಕೆಳಗೆ ಬಗ್ಗಿ ನೋಡಿದೆ. ಸಿಲಿಂಡರಿನ ವಾಲ್ವ್ ಪೂರ್ತಿ ತೆರೆದಿತ್ತು. ಗೇಜಿನ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು.

ಸೂಪರ್‌ವೈಸರ್ ಆಗಲೇ ಕಾಗದ ಸಿದ್ಧಮಾಡಿದ್ದರು. ಹೊರಗಿನ ಮಹಿಳೆಯೊಬ್ಬಳು ಅನುಮತಿಯಿಲ್ಲದೆ ರೆಗ್ಯುಲೇಟರಿನ ಒತ್ತಡದ ನಾಬ್ ತಿರುಗಿಸಿದ್ದರಿಂದ ಟ್ಯಾಂಕ್ ಹಾಳಾಯಿತು ಎಂದು ಅದರಲ್ಲಿತ್ತು. ಟ್ಯಾಂಕಿನ ಜವಾಬ್ದಾರಿ ಹೊತ್ತವಳಾಗಿ ನಾನು ಸಹಿ ಹಾಕಬೇಕು. ಒಂದು ಪ್ರತಿ ಪೊಲೀಸರಿಗೆ, ಇನ್ನೊಂದು ಮೌಶಿಗೆ ಸಿಲಿಂಡರ್ ಕೊಡುವ ಗ್ಯಾಸ್ ಏಜೆನ್ಸಿಗೆ. ಸಹಿ ಹಾಕದಿದ್ದರೆ, ಹೊರಗಿನವರಿಗೆ ಟ್ಯಾಂಕ್ ಒಪ್ಪಿಸಿ ರಜೆ ಹೋದ ತಪ್ಪು ನಿಮ್ಮದೇ ಆಗುತ್ತದೆ ಎಂದರು. ಮೌಶಿಯ ಫೋನು ನನ್ನ ಕಿವಿಯಲ್ಲಿ ಇನ್ನೂ ಆಡುತ್ತಿತ್ತು. ಅವರು ವಾಲ್ವ್ ಮುಚ್ಚಿದ್ದರು. ಅದು ನನಗೆ ಗೊತ್ತಿತ್ತು.

ನಾನು ಸಹಿ ಹಾಕಿದೆ.

ಯಾಕೆ ಎಂದು ಈಗ ಚೆಂದವಾಗಿ ವಿವರಿಸಬಹುದು. ಹೊಸ ಕೆಲಸ, ಅಪ್ಪನ ನಿವೃತ್ತಿ ಹತ್ತಿರ, ಇನ್ನೂ ಏನೇನೋ... ವಿವರಿಸುವುದಿಲ್ಲ. ಹೆದರಿದೆ, ಹಾಕಿದೆ.

ಸಂಜೆಯ ತನಕ ತಡೆದು, ಆಮೇಲೆ ನಾನೇ ಅಂಗಡಿಗೆ ಹೋಗಿ ಹೇಳಿದೆ. ಅಷ್ಟರಲ್ಲಿ ಏಜೆನ್ಸಿಯವರು ಮೌಶಿಯ ಖಾಲಿ ಸಿಲಿಂಡರುಗಳನ್ನು ತುಂಬಿಕೊಡುವುದಿಲ್ಲ ಎಂದು ಹೇಳಿ ಕಳಿಸಿದ್ದರು. ಗ್ಯಾಸ್ ಇಲ್ಲದ ಸೋಡಾ ಅಂಗಡಿಯಲ್ಲಿ ಏನು ಮಾರುವುದು? ಮೌಶಿ ನನ್ನ ಮಾತು ಪೂರ್ತಿ ಕೇಳಿದರು.

"ಓದಿ ಹಾಕಿದ್ಯೋ, ಓದದ ಹಾಕಿದ್ಯೋ?"

"ಓದೀನಿರಿ."

"ಹಂ." ತೊಳೆದ ಬಾಟಲಿಯನ್ನು ಬೋರಲು ಹಾಕಿದರು. "ಅತ್ತು ಏನ್ ಮಾಡ್ತಿ? ಮುಂಜಾನಿ ಹತ್ತಕ್ಕ ಲಾಬಿಯಾಗ ಇರು. ನಿಮ್ಮ ಮಾಲೀಕರು ಇರೋ ಹೊತ್ತು ಅದೇ ಅಲಾ?"

ಮರುದಿನ ಹತ್ತಕ್ಕೆ ಆಟೋ ಬಂದು ನಿಂತಿತು. ಮೌಶಿ ಎರಡು ಸಣ್ಣ ಸಿಲಿಂಡರ್ ಇಳಿಸಿದರು. ಒಂದು ಮುಗಿಯುತ್ತ ಬಂದದ್ದು. ಇನ್ನೊಂದು ತುಂಬಿದ್ದು, ಅವರ ಹತ್ತಿರ ಉಳಿದಿದ್ದ ಕೊನೆಯದು. ಕಾವಲುಗಾರ ಅವರ ಮುಖ ನೋಡಿದ, ಎದುರಿನ ಬಾಗಿಲನ್ನೇ ತೆರೆದ. ಲಾಬಿಯ ನಡುವಿನ ಗಾಜಿನ ಮೇಜಿನ ಮೇಲಿದ್ದ ಹೂದಾನಿಯನ್ನು ಮೌಶಿ ಎತ್ತಿ ಕೆಳಗಿಟ್ಟು, ಅಲ್ಲಿ ನೀರು ತುಂಬಿದ ಒಂದು ಸೋಡಾ ಬಾಟಲಿ ಇಟ್ಟರು. ಪ್ರವಾಸಿಗರು ಸುತ್ತ ಸೇರಿದರು. ಸೂಪರ್‌ವೈಸರ್ ಓಡಿ ಬಂದು, ಹೊರಗೆ ಹೋಗದಿದ್ದರೆ ಪೊಲೀಸರನ್ನು ಕರೆಯುತ್ತೇನೆ ಎಂದರು.

"ಕರೀರಿ," ಎಂದು ಮೌಶಿ ಮರಾಠಿಯಲ್ಲಿ ಹೇಳಿದರು. "ಅವರೂ ಬಂದು ನೋಡಲಿ. ನನ್ನ ಹೆಸರು ಬರೆದಿರುವ ಕಾಗದ ಹೇಗೂ ಅವರ ಕೈಗೆ ಹೋಗುವುದೇ ತಾನೆ?"

ಗದ್ದಲ ಕೇಳಿ ಮಾಲೀಕರು ತಮ್ಮ ಕೋಣೆಯಿಂದ ಹೊರಗೆ ಬಂದರು. ಮೌಶಿ ಅವರಿಗೆ ಕೈ ಮುಗಿದರು, ಆದರೆ ತಲೆ ಬಗ್ಗಿಸಲಿಲ್ಲ. ಟ್ಯಾಂಕಿನ ಅದೇ ರೆಗ್ಯುಲೇಟರ್ ಬೇಕು, ಹದಿನೈದು ನಿಮಿಷ ಸಾಕು, ಆಮೇಲೆ ತಾನೇ ಠಾಣೆಗೆ ನಡೆದು ಹೋಗುತ್ತೇನೆ ಎಂದರು. ಮಾಲೀಕರು ಸುತ್ತ ನಿಂತ ಅತಿಥಿಗಳನ್ನು ನೋಡಿದರು, ನನಗೆ ತಲೆಯಾಡಿಸಿದರು. ನಾನು ರೆಗ್ಯುಲೇಟರ್ ಬಿಚ್ಚಿ ತಂದುಕೊಟ್ಟೆ.

ಹೊಸ ವಾಶರ್ ಹಾಕಿ, ಅದನ್ನು ತುಂಬಿದ ಸಿಲಿಂಡರಿಗೆ ಕೂಡಿಸಿದರು. ಸಣ್ಣ ಕೊಳವೆಯ ತುದಿಯನ್ನು ಬಾಟಲಿಯ ನೀರಿಗೆ ಇಳಿಬಿಟ್ಟರು. ನಾಬ್ ತಿರುಗಿಸಿ, ಗುಳ್ಳೆಗಳನ್ನು ಹಿಡಿತದಲ್ಲಿಡುವ ಸೂಜಿ ವಾಲ್ವನ್ನು ಕಿರುಬೆರಳಿನಿಂದ ಸರಿಪಡಿಸಿ, ಸೆಕೆಂಡಿಗೆ ಒಂದು ಗುಳ್ಳೆಗೆ ತಂದು ನಿಲ್ಲಿಸಿದರು. ಮಾಲೀಕರಿಗೆ ತಮ್ಮ ಗಡಿಯಾರ ನೋಡಿ ಎಣಿಸಲು ಹೇಳಿದರು. ಅವರು ಎಣಿಸಿದರು. ಆಮೇಲೆ ಮೌಶಿ ಸೆರಗಿನ ಗಂಟಿನಿಂದ ವಿಭೂತಿಯ ಉಂಡೆ ತೆಗೆದು, ನೀರಿನಲ್ಲಿ ಬೆರಳದ್ದಿ ತೇದು, ನಾಬಿನಿಂದ ರೆಗ್ಯುಲೇಟರಿನ ಮೈಯ ತನಕ ಒಂದು ಗೆರೆ ಎಳೆದರು. ಸೂಜಿ ವಾಲ್ವಿಗೂ ಹಾಗೆಯೇ ಒಂದು. ಒಣಗಿದಾಗ ಆ ಗೆರೆಗಳು ಬೆಳ್ಳಗೆ ಎದ್ದು ಕಂಡವು. ಯಾರಾದರೂ ಕೂದಲೆಳೆಯಷ್ಟು ತಿರುಗಿಸಿದರೂ ಗೆರೆ ತುಂಡಾಗುತ್ತದೆ ಎಂದು ಎಲ್ಲರಿಗೂ ತೋರಿಸಿದರು.

ಸಿಲಿಂಡರಿನ ವಾಲ್ವ್ ಮುಚ್ಚಿ, ದೊಡ್ಡ ನಟ್ಟನ್ನು ಮಾತ್ರ ಪಾನಾದಿಂದ ಬಿಚ್ಚಿ, ಅದೇ ರೆಗ್ಯುಲೇಟರನ್ನು ಮುಗಿಯುತ್ತ ಬಂದ ಸಿಲಿಂಡರಿಗೆ ಕೂಡಿಸಿದರು. ವಾಲ್ವ್ ತೆರೆದು, ಎರಡೂ ಕೈಗಳನ್ನು ಮೇಲೆತ್ತಿ ಹಿಂದೆ ಸರಿದು ನಿಂತರು.

ಗುಳ್ಳೆ ಒಂದೊಂದೇ ಬರಲಿಲ್ಲ. ಎರಡು, ಮೂರು, ಆಮೇಲೆ ಎಣಿಸಲು ಬಾರದಂತೆ ಸರಸರನೆ ಹೊರಟವು. ಬಾಟಲಿಯ ಬಾಯಿಂದ ನೀರು ಉಕ್ಕಿ ಮೇಜಿನ ಗಾಜಿನ ಮೇಲೆ ಹರಿಯಿತು. ವಿಭೂತಿಯ ಗೆರೆಗಳು ಹಾಗೇ ಇದ್ದವು.

"ನಾಬ್ ಯಾರೂ ಮುಟ್ಟಿಲ್ಲ," ಎಂದರು ಮೌಶಿ. "ಸಿಲಿಂಡರ್ ಮುಗಿಯುವಾಗ ಇದು ಹೀಗೇ ಕೈಬಿಡುತ್ತದೆ. ಇದನ್ನು ನಾನು ಮೊದಲೇ ಹೇಳಿದ್ದೆ. ಹೇಳಿ, ವಾಲ್ವನ್ನು ಮುಚ್ಚಿ ಹೋಗಿದ್ದೆ. ಮುಚ್ಚಿದ ಸಿಲಿಂಡರ್ ಯಾರನ್ನೂ ಕೊಲ್ಲುವುದಿಲ್ಲ."

"ಮುಚ್ಚಿದ್ದಕ್ಕೆ ಏನು ಸಾಕ್ಷಿ?" ಎಂದರು ಸೂಪರ್‌ವೈಸರ್.

ಮೌಶಿ ನನ್ನ ಕಡೆ ನೋಡಲಿಲ್ಲ. ಅದನ್ನು ನಾನು ಇವತ್ತಿಗೂ ಮರೆತಿಲ್ಲ. ನೋಡಿದ್ದರೆ, ನಾನು ಅವರಿಗಾಗಿ ಮಾತಾಡಿದೆ ಎಂದುಕೊಳ್ಳಬಹುದಿತ್ತು. ಅವರು ಬಾಟಲಿಯನ್ನೇ ನೋಡುತ್ತ ನಿಂತಿದ್ದರು.

"ನಾನು ಸಾಕ್ಷಿ," ಎಂದೆ. ದನಿ ಒಡೆಯಿತು. ಮತ್ತೆ ಗಟ್ಟಿಯಾಗಿ ಹೇಳಿದೆ. ಅವರು ಮುಚ್ಚಿದ ದಿನವೇ ನನಗೆ ಫೋನ್ ಮಾಡಿದ್ದರು. ಅದು ಗೊತ್ತಿದ್ದೂ ನಾನು ಸಹಿ ಹಾಕಿದೆ. ಆ ಕಾಗದದಲ್ಲಿರುವುದು ಸುಳ್ಳು, ನನ್ನ ಸಹಿಯೂ ಸುಳ್ಳು.

ಆಗ ಸೂಪರ್‌ವೈಸರ್ ಮಾಲೀಕರ ಕಡೆ ತಿರುಗಿ, "ಸರ್, ನೀವೇ ನೋಡಿದಿರಲ್ಲ, ಇದರಲ್ಲಿ ಯಾರ ಕೈಯೂ ಇಲ್ಲ. ನಾನು ಬರೀ ವಾಲ್ವ್ ತೆರೆದೆ, ನಾಬ್ ಮುಟ್ಟಲೇ ಇಲ್ಲ!" ಎಂದುಬಿಟ್ಟರು.

ಬಾಟಲಿಯಲ್ಲಿ ಗುಳ್ಳೆಗಳು ಇನ್ನೂ ಉಕ್ಕುತ್ತಿದ್ದವು. ಮೌಶಿ ಬಗ್ಗಿ ವಾಲ್ವ್ ಮುಚ್ಚಿದರು.

ಮಾಲೀಕರು ಕ್ಷಮೆ ಕೇಳಲಿಲ್ಲ. ಅಂಥವರು ಕೇಳುವುದಿಲ್ಲ. ಕಾಗದ ತರಿಸಿ ಹರಿದು ಹಾಕಿದರು, ಏಜೆನ್ಸಿಗೆ ಅಲ್ಲಿಂದಲೇ ಫೋನ್ ಮಾಡಿದರು. ಟ್ಯಾಂಕನ್ನು ಮತ್ತೆ ಸರಿಮಾಡಿಕೊಡುತ್ತೀರಾ ಎಂದು ಮೌಶಿಯನ್ನು ಕೇಳಿದರು. ಮೊದಲು ಒಳ್ಳೆಯ ರೆಗ್ಯುಲೇಟರ್ ತರಿಸಿ, ಆಮೇಲೆ ಕೇಳಿ ಎಂದರು ಮೌಶಿ. ಅವರು ತರಿಸಲಿಲ್ಲ. ಒಂದು ವಾರದಲ್ಲಿ ಟ್ಯಾಂಕ್ ಖಾಲಿ ಮಾಡಿಸಿದರು, ಅದರ ಜೊತೆಗೆ ನನ್ನ ಕೆಲಸವೂ ಹೋಯಿತು. ಕೆಲಸ ಬಿಡುವ ದಿನ ಎಸೆಯಲು ಗುಡ್ಡೆ ಹಾಕಿದ್ದ ಹವಳದ ನಡುವೆ ಮೌಶಿ ಕೂತು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು. ಮೂರು ತುಂಡುಗಳ ಬುಡದಲ್ಲಿ ಉಗುರಿನಷ್ಟು ಬಣ್ಣ ಉಳಿದಿತ್ತು.

"ಇವು ಸತ್ತಿಲ್ಲ," ಎಂದರು.

ಎಲ್ಲರೂ ಸತ್ತಿವೆ ಎಂದರು. ನನಗೂ ಹಾಗೇ ಅನ್ನಿಸಿತ್ತು. ಅವರು ಮಾಲೀಕರನ್ನು ಕೇಳಿ, ಆ ಮೂರನ್ನು ಟ್ಯಾಂಕಿನ ಉಪ್ಪುನೀರು ತುಂಬಿದ ಬಕೆಟ್ಟಿನಲ್ಲಿ ಇಟ್ಟುಕೊಂಡು ಎದುರಿನ ಬಾಗಿಲಿನಿಂದ ಹೊರಗೆ ನಡೆದರು. ನಾನೂ ಅವರ ಹಿಂದೆ ನಡೆದೆ.

ಆಮೇಲಿನ ನಾಲ್ಕು ವರ್ಷ ನಾನು ಸೋಡಾ ಅಂಗಡಿಯಲ್ಲೇ ಇದ್ದೆ. ಕೌಂಟರಿನ ಪಕ್ಕದಲ್ಲಿ ಒಂದು ಗಾಜಿನ ಟ್ಯಾಂಕ್ ಬಂತು. ನಳದಲ್ಲಿ ನೀರು ಯಾವಾಗ ಬರುತ್ತದೋ ಎಂದು ಕೊಡ ಹಿಡಿದು ಕಾಯುವ ಊರು ಅದು. ಕುಡಿಯಲು ನೀರಿಲ್ಲ, ಈ ಹೆಂಗಸಿಗೆ ಸಮುದ್ರ ಬೇಕಂತೆ ಎಂದು ಗಲ್ಲಿಯವರು ಅಂಗಡಿಯ ಎದುರಿಗೇ ಆಡಿಕೊಂಡರು. "ನಾ ನಿಮ್ಮ ಕೊಡದಾಗಿಂದ ತಗೊಂಡಿಲ್ಲ, ಬಾಟ್ಲಿ ಕಡಿಮಿ ತುಂಬಿ ಉಳಿಸೀನಿ" ಎಂದು ಮೌಶಿ ಮರಾಠಿಯಲ್ಲೂ ಉರ್ದುವಿನಲ್ಲೂ ಉತ್ತರ ಕೊಟ್ಟರು. ಬೇಸಿಗೆಯಲ್ಲಿ ಟ್ಯಾಂಕಿನ ನೀರು ಬಿಸಿಯಾಗತೊಡಗಿದಾಗ, ಸೋಡಾ ತಂಪಿಡುವ ಐಸ್ ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ಕೊಳವೆಯನ್ನು ಸುತ್ತು ಸುತ್ತಾಗಿ ಹಾಯಿಸಿ ತಣಿಸಿದರು. ಎರಡು ಹಂತದ ರೆಗ್ಯುಲೇಟರನ್ನು ಯಾರೂ ತರಿಸಿಕೊಡದಿದ್ದರೆ ಬೇಡವೆಂದು, ಸೋಡಾ ಮಷಿನಿನ ಹಳೆಯ ಎರಡು ರೆಗ್ಯುಲೇಟರುಗಳನ್ನು ಒಂದರ ಹಿಂದೆ ಒಂದು ಜೋಡಿಸಿದರು. ಮೊದಲನೆಯದು ಅರ್ಧ ಭಾರ ಇಳಿಸಿಕೊಡುತ್ತಿತ್ತು, ಎರಡನೆಯದು ಉಳಿದದ್ದನ್ನು. ಸಿಲಿಂಡರ್ ಮುಗಿಯುವ ದಿನವೂ ಅದು ಒಂದು ಗುಳ್ಳೆಯನ್ನೂ ಹೆಚ್ಚು ಬಿಡಲಿಲ್ಲ. ಎಂಟನೇ ತಿಂಗಳಿಗೆ ಒಂದು ತುಂಡಿನ ತುದಿಯಲ್ಲಿ ನೇರಳೆ ಬಣ್ಣದ ಹೊಸ ಚಿಗುರು ಕಂಡಿತು. ಮೌಶಿ ಆ ದಿನ ಗಲ್ಲಿಯವರಿಗೆಲ್ಲ ಸೋಡಾ ಕುಡಿಸಿದರು, ಆಡಿಕೊಂಡವರಿಗೆ ಮೊದಲು.

ಪುಣೆಯಿಂದ, ನಾಸಿಕದಿಂದ ಜನ ತಮ್ಮ ರೆಗ್ಯುಲೇಟರುಗಳನ್ನು ಬಸ್ಸಿನ ಪಾರ್ಸೆಲ್ಲಿನಲ್ಲಿ ಕಳಿಸತೊಡಗಿದರು. ನಾವಿಬ್ಬರೂ ರಿಪೇರಿ ಮಾಡಿ, ಗೆರೆ ಎಳೆದು ಕಳಿಸುತ್ತಿದ್ದೆವು. ನನ್ನ ಸಹಿಯ ಮಾತನ್ನು ಅವರು ಒಂದು ದಿನವೂ ಎತ್ತಲಿಲ್ಲ. ಒಮ್ಮೆ ನಾನೇ ಧೈರ್ಯ ಮಾಡಿ, "ಮೌಶಿ, ಆ ದಿನ ನಾ ಮಾಡಿದ್ದು..." ಎಂದು ಶುರುಮಾಡಿದೆ. "ಬಾಟ್ಲಿ ತೊಳಿ," ಎಂದರು. ತೊಳೆದೆ.

ಅಪ್ಪನಿಗೆ ಕಾಯಿಲೆಯಾದಾಗ ನಾನು ನಾಸಿಕಕ್ಕೆ ವಾಪಸು ಬಂದು ದೇವಳಾಲಿ ಕ್ಯಾಂಪಿನಲ್ಲಿ ನನ್ನದೇ ಅಂಗಡಿ ಹಾಕಿದೆ. ಹೊರಡುವ ದಿನ ಮೌಶಿ ಹವಳದ ಒಂದು ಟೊಂಗೆ ಮುರಿದು ಡಬ್ಬಿಯಲ್ಲಿ ಹಾಕಿಕೊಟ್ಟರು. ಕ್ಯಾಂಪಿನ ಮಿಲಿಟರಿ ಮನೆಗಳಲ್ಲಿ ಟ್ಯಾಂಕ್ ಇಟ್ಟವರು ಎರಡು ಮೂರು ವರ್ಷಕ್ಕೆ ವರ್ಗವಾಗಿ ಹೋಗುತ್ತಾರೆ, ಹೊಸಬರು ಬರುತ್ತಾರೆ, ಕೆಲಸಕ್ಕೆ ಕೊರತೆಯಾಗಲಿಲ್ಲ. ಈಗಿನವರು ಗ್ಯಾಸು, ರೆಗ್ಯುಲೇಟರು ಯಾಕೆ, ಪುಡಿ ಕಲಸಿ ಪಂಪಿನಿಂದ ಬಿಟ್ಟರೆ ಆಯಿತಲ್ಲ ಎನ್ನುತ್ತಾರೆ. ಆಗುತ್ತದೆ, ಅದು ಸುಲಭವೂ ಹೌದು. ನನ್ನ ಟ್ಯಾಂಕಿಗೆ ನಾನು ಇನ್ನೂ ಗುಳ್ಳೆಯನ್ನೇ ಬಿಡುತ್ತೇನೆ. ಕೇಳಿದವರಿಗೆ ಕಾರಣ ಕೊಡುವುದನ್ನು ನಿಲ್ಲಿಸಿದ್ದೇನೆ.

ಹೋದ ವರ್ಷ ಬೇಸಿಗೆಯಲ್ಲಿ ಮೌಶಿ ಎರಡು ದಿನಕ್ಕೆಂದು ತಮ್ಮನ ಮನೆಗೆ, ಭಾಲ್ಕಿಗೆ ಹೋದರು. ಅಲ್ಲಿ ಎದೆನೋವು ಬಂದು ಆಸ್ಪತ್ರೆ ಸೇರಿದರು. ಹನ್ನೊಂದು ದಿನ ಇದ್ದರು... ನನಗೆ ಸುದ್ದಿ ಬಂದದ್ದು ಮಣ್ಣು ಮಾಡಿದ ಮೇಲೆ. ಅಂಗಡಿಯ ಇನ್ನೊಂದು ಕೀಲಿ ನನ್ನ ಹತ್ತಿರ ಇತ್ತು. ಹೋಗಿ ಶಟರ್ ಎತ್ತಿದೆ. ಐಸ್ ಪೆಟ್ಟಿಗೆ ಒಣಗಿತ್ತು, ಟ್ಯಾಂಕಿನ ನೀರು ಬಿಸಿಯಾಗಿ ಅರ್ಧಕ್ಕೆ ಇಳಿದಿತ್ತು, ಹವಳವೆಲ್ಲ ಬೆಳ್ಳಗಾಗಿತ್ತು. ನೆಲದ ಮೇಲೆ ಕೂತು ಸಿಲಿಂಡರ್ ತೂಗಿದೆ. ಖಾಲಿ. ರೆಗ್ಯುಲೇಟರುಗಳ ಗೆರೆ ಕದಲಿರಲಿಲ್ಲ. ಹವಳಗಳನ್ನು ಕೊಂದದ್ದು ಬಿಸಿಲು. ಮೌಶಿಯ ರೆಗ್ಯುಲೇಟರ್ ಕೊನೆಯ ತನಕ ಕೈ ಬಿಟ್ಟಿರಲಿಲ್ಲ. ಅದನ್ನು ನಾನು ಗೋಡೆಯ ಮೇಲೆ ಕನ್ನಡದಲ್ಲಿ ಬರೆದು ಬಂದೆ. ಓದುವವರು ಯಾರೂ ಇರಲಿಲ್ಲ.

ನಾಸಿಕದಲ್ಲಿ ಈಗ ಹಗಲು ಹೊತ್ತು ನನ್ನ ಜೊತೆ ಕನ್ನಡ ಆಡುವವರಿಲ್ಲ, ಬೈಯುವವರಂತೂ ಇಲ್ಲವೇ ಇಲ್ಲ. ಕಾಲ ಕಳೆದ ಹಾಗೆ ಎಲ್ಲ ಸರಿಹೋಗುತ್ತದೆ ಎಂದು ಜನ ಹೇಳುತ್ತಾರೆ. ಸರಿಹೋಗುವುದು ನನಗೆ ಬೇಕಾಗಿಲ್ಲ.

ಹೋದ ವಾರ ಸಾಮಾನು ತರಲು ಸಂಭಾಜಿನಗರಕ್ಕೆ ಹೋದವಳು ಆ ಗಲ್ಲಿಗೂ ಹೋದೆ. ಅಂಗಡಿ ಈಗ ಮೊಬೈಲ್ ಕವರುಗಳದ್ದು. ಗೋಡೆಗೆ ಹೊಸ ಬಣ್ಣ, ಉದ್ದಕ್ಕೂ ದೀಪಗಳು. ಮಾಲೀಕ ನಡುವಯಸ್ಸಿನ ಸಭ್ಯ ಮನುಷ್ಯ; ಯಾವ ಮಾಡೆಲ್ಲಿಗೆ ಬೇಕು ಎಂದು ಹಿಂದಿಯಲ್ಲಿ ಕೇಳಿದ. ಏನೂ ಬೇಡ ಎಂದೆ. ಹೊರಡಬಹುದಿತ್ತು. ಹೊರಡಲಿಲ್ಲ.

"ಇಲ್ಲಿ ಸಮುದ್ರ ಇತ್ತು," ಎಂದೆ.

ಅವನು ನಕ್ಕ. ಈ ಊರಿನಲ್ಲಾ? ಎಲ್ಲಿ?

ನಾನು ನಗಲಿಲ್ಲ. ಅವನು ನಿಂತ ಜಾಗವನ್ನು ಬೆರಳಿಟ್ಟು ತೋರಿಸಿದೆ. ಅವನು ಕೆಳಗೆ ನೋಡಿದ, ಒಂದು ಹೆಜ್ಜೆ ಹಿಂದೆ ಸರಿದು ನಿಂತ.